ಅತ್ತೆಯ ಮನೆಗೆ ಬಂದ ಗಾಳಿ ಅಳಿಯ

ನಮ್ಮ ಸೋದರತ್ತೆ ಗೊರಕೆ ಹೊಡೆಯುವುದಿಲ್ಲ. ಇದು ಅವಳೇ ಹೇಳುವ ಮಾತು, ಆದ್ದರಿಂದ ನಾವೆಲ್ಲ ಒಪ್ಪಿಕೊಂಡಿದ್ದೇವೆ. ಆಂಧ್ರದ ಕಲ್ಯಾಣದುರ್ಗದ ಅವಳ ಬೀದಿಯಲ್ಲಿ ರಾತ್ರಿ ಹತ್ತರ ಮೇಲೆ ಕೇಳಿಬರುತ್ತಿದ್ದ ಸದ್ದು ಯಾರದೆಂಬುದು ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ. ಎದುರುಮನೆಯವರು ಯಾರೋ ಬೋರು ಕೊರೆಸುತ್ತಿದ್ದಾರೆಂದು ಎರಡು ಸಲ ಎದ್ದು ಬಂದು ನೋಡಿದ್ದುಂಟು! ಅತ್ತೆಯನ್ನು ಕೇಳಿದರೆ ಮಗ್ಗದ ಮುಂದೆ ಕೂತ ಮಾವನ ಕಡೆ ಬೆರಳು ತೋರಿಸುತ್ತಿದ್ದಳು. ಮಾವ ಇಲ್ಲವೆನ್ನುತ್ತಿರಲಿಲ್ಲ. ಅವರು ನಲವತ್ತು ವರ್ಷದಿಂದ ರೇಷ್ಮೆ ಸೀರೆ ನೇಯುತ್ತಿರುವವರು. ಮನೆಯ ಮಾತುಕತೆಯ ಖಾತೆಯನ್ನು ಮದುವೆಯಾದ ವಾರವೇ ಅತ್ತೆಗೆ ಬಿಟ್ಟುಕೊಟ್ಟಿದ್ದಾರೆ.

ಸದ್ದಾದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಬಹುದು. ಭಯವಾಗುತ್ತಿದ್ದದ್ದು ಸದ್ದು ನಿಂತಾಗ. ನಿದ್ದೆಯ ನಡುವೆ ಅತ್ತೆಯ ಉಸಿರೇ ನಿಂತುಬಿಡುತ್ತಿತ್ತು. ಆಮೇಲೆ ಬಾವಿಯಿಂದ ಎತ್ತಿ ಹಾಕಿದವರ ಹಾಗೆ ಗಕ್ಕನೆ ಗಾಳಿ ಎಳೆದುಕೊಳ್ಳುತ್ತಿದ್ದಳು. ಹಗಲೆಲ್ಲ ತೂಕಡಿಕೆ. ಒಂದು ದಿನ ಮುದ್ದೆ ತಿರುವುತ್ತ, ಕೋಲು ಹಿಡಿದ ಹಾಗೆಯೇ ನಿದ್ದೆಹೋಗಿ ಮುಂಗೈ ಸುಟ್ಟುಕೊಂಡಳು. ಆಗ ನನಗೆ ಫೋನು ಬಂತು. ಹಿಂದೂಪುರದಲ್ಲಿ ಮನೆ ಮಾಡಿದ ತಪ್ಪಿಗೆ ನಮ್ಮ ಬಳಗದ ಆಸ್ಪತ್ರೆ ಓಡಾಟವೆಲ್ಲ ನನ್ನ ಪಾಲಿಗೆ ಬಂದಿದೆ.

ಹಿಂದೂಪುರದ ಡಾಕ್ಟರು ಒಂದು ರಾತ್ರಿ ಅವಳ ಮೈತುಂಬ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಬೆಳಿಗ್ಗೆ ಕಾಗದ ನೋಡಿ ಕನ್ನಡಕ ತೆಗೆದರು. ಡಾಕ್ಟರು ಕನ್ನಡಕ ತೆಗೆದರೆ ಸುದ್ದಿ ಒಳ್ಳೆಯದಿರುವುದಿಲ್ಲ.

"ಅಮ್ಮಾ, ನಿದ್ದೇಲಿ ನಿಮ್ಮುಸಿರು ಪದೇ ಪದೇ ನಿಲ್ತಾ ಐತೆ. ಎದೆಗೆ ಸುಸ್ತಾಗ್ತಾ ಐತೆ. ಸಿಪ್ಯಾಪ್ ಅಂತ ಒಂದು ಮಿಷನ್ ಐತೆ, ರಾತ್ರಿಯೆಲ್ಲ ಅದನ್ನ ಹಾಕ್ಕೊಂಡೇ ಮಲಗ್ಬೇಕು. ಇಲ್ದಿದ್ರೆ ಒಂದಿನ ನಿಂತಿದ್ದು ನಿಂತಂಗೇ ಇದ್ಬುಡ್ತೈತೆ."

ಅತ್ತೆ ಗಂಭೀರವಾಗಿ ಕೇಳಿಸಿಕೊಂಡು ಹೇಳಿದಳು: "ಎಲ್ಲಾ ಸರಿ ಡಾಕ್ಟ್ರೇ. ಆದ್ರೆ ನಾನು ಗೊರಕೆ ಹೊಡಿಯಲ್ಲ."

ಮಿಷನ್ನು ಊಟದ ಡಬ್ಬಿಯಷ್ಟು ದೊಡ್ಡದು. ಅದರಿಂದ ಒಂದು ಪೈಪು, ಪೈಪಿನ ತುದಿಗೆ ಎರಡು ಪುಟ್ಟ ರಬ್ಬರ್ ಮೊಗ್ಗು. ಮೊಗ್ಗುಗಳು ಮೂಗಿನ ಹೊಳ್ಳೆಗಳಿಗೆ ಸರಿಯಾಗಿ ಕೂರಬೇಕು, ಪಟ್ಟಿ ತಲೆಯ ಹಿಂದಕ್ಕೆ ಹೋಗಬೇಕು, ಗಾಳಿ ಸೋರದೆ ಒಳಗೆ ಹೋಗಬೇಕು. ಇಷ್ಟೇ ಕೆಲಸ. ಹೆಣ್ಣುಮಕ್ಕಳಿಲ್ಲದ ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮಣೆಯ ಮೇಲೆ ಕೂರಿಸಿ, 'ಅಳಿಯ' ಎಂದು ಹೆಸರಿಟ್ಟಳು! ಯಾಕತ್ತೆ ಎಂದು ಕೇಳಿದೆ.

"ಇನ್ನೇನ್ಲಾ ಮತ್ತೆ? ಕುಂತ ಕಡೆ ಕುಂತ್ಕಂಡು ಬುಸ್ಸಂತೈತೆ. ನಾವೇ ನೀರು ಕೊಡ್ಬೇಕು, ನಾವೇ ಮೈ ಒರೆಸ್ಬೇಕು, ವಸಿ ಹೆಚ್ಚುಕಮ್ಮಿ ಆದ್ರೆ ಊರಿಗೆಲ್ಲಾ ಕೇಳಂಗೆ ಕೂಗಾಡ್ತೈತೆ. ಅಳಿಯ ಅಲ್ದೆ ಇನ್ಯಾರು?"

ಒಬ್ಬರ ಮನೆಯ ಅಳಿಯನಾಗಿರುವ ನಾನು ಈ ವಿಷಯವನ್ನು ಮುಂದುವರಿಸಲಿಲ್ಲ.

ಮೂಗು ಒಣಗದಂತೆ ಗಾಳಿಗೆ ತೇವ ಕೊಡಲು ಮಿಷನ್ನಿಗೆ ಹಾಕುವ ನೀರಿನದೂ ಒಂದು ಕಥೆಯೇ ಆಯಿತು. ಅಳಿಯನ ಹೊಟ್ಟೆಗೆ ಬೋರಿನ ನೀರು ಒಗ್ಗುವುದಿಲ್ಲ, ಡಿಸ್ಟಿಲ್ಡ್ ವಾಟರೇ ಬೇಕು. ಮೆಡಿಕಲ್ ಶಾಪಿನಲ್ಲಿ ಖಾಲಿಯಾಗಿತ್ತು. ಅಂಥ ನೀರು ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆಂದು ಯಾರೋ ಹೇಳಿದರು. ಅತ್ತೆ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿ ನಿಂತಳು.

"ಯಾವ ಗಾಡಿಗಮ್ಮ?"

"ಗಾಡಿಗಲ್ಲ ಕಣಪ್ಪ, ನನಗೆ."

ಅಂಗಡಿಯವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದನಂತೆ. ಅತ್ತೆ ಅವನ ಅನುಮಾನ ತೀರಿಸಲು, "ಅರವತ್ತೆರಡು ವರ್ಸ ಓಡೈತೆ. ಈಗ ವಸಿ ಗಾಳಿ ಸಾಲ್ದು" ಎಂದು ವಿವರಿಸಿದಳಂತೆ. ಅವನು ನೀರು ಕೊಡದೆ, ಮೊದಲು ಡಾಕ್ಟರ ಹತ್ತಿರ ಹೋಗಿ ಎಂದು ಕೈಮುಗಿದು ಕಳಿಸಿದ. ಕೊನೆಗೆ ನಾನೇ ಹಿಂದೂಪುರದ ಮೆಡಿಕಲ್ ಶಾಪಿನಿಂದ ಕ್ಯಾನು ಹೊತ್ತು ಬಸ್ಸು ಹತ್ತಿದೆ.

ಇಷ್ಟೆಲ್ಲ ಉಪಚಾರವಾದರೂ ಅಳಿಯ ಒಂದು ರಾತ್ರಿಯೂ ನೆಟ್ಟಗೆ ಸಂಸಾರ ಮಾಡಲಿಲ್ಲ. ಒಂಬತ್ತಕ್ಕೆ ಮೂಗಿನಲ್ಲಿದ್ದ ಮೊಗ್ಗು ಹನ್ನೊಂದಕ್ಕೆ ಕೆನ್ನೆಯ ಮೇಲೆ, ಎರಡಕ್ಕೆ ಕುತ್ತಿಗೆಯಲ್ಲಿ, ಬೆಳಿಗ್ಗೆ ಮಂಚದ ಕೆಳಗೆ! ತಲೆಗೆ ಸುರಿದುಕೊಳ್ಳುವ ಹರಳೆಣ್ಣೆಯಿಂದ ಪಟ್ಟಿ ಜಾರುತ್ತದೆಂದು ಎಣ್ಣೆ ಬಿಡಿಸಿದೆವು. ತುರುಬು ಅಡ್ಡ ಬರುತ್ತದೆಂದು ಜಡೆ ಹಾಕಿಸಿದೆವು. ಅತ್ತೆ ಪಟ್ಟಿಯನ್ನು ಎಳೆದೆಳೆದು ಬಿಗಿದಳು. ಬಿಗಿದಷ್ಟೂ ಗಾಳಿ ಹೆಚ್ಚು ಸೋರಿತು, ಕೆನ್ನೆಯ ಮೇಲೆ ಬರೆ ಬಂತು. ಮಾವ ಮಗ್ಗದಿಂದ ಎದ್ದು ಬಂದು, "ಬಿಗಿ ಜಾಸ್ತಿ ಆತು" ಎಂದು ಎರಡು ಬೆರಳಿನಲ್ಲಿ ಸಡಿಲ ಮಾಡಿ ಹೋಗುತ್ತಿದ್ದರು. ಅವರು ಅತ್ತ ಹೋದ ಕೂಡಲೇ ಅತ್ತೆ ಮತ್ತೆ ಬಿಗಿಯುತ್ತಿದ್ದಳು.

ಕೊನೆಗೆ ಹಿಂದೂಪುರದಿಂದ ಮಿಷನ್ ಕಂಪನಿಯ ಹುಡುಗಿಯೊಬ್ಬಳು ಬಂದಳು. ಅತ್ತೆಯನ್ನು ಮಲಗಿಸಿ, ಗಾಳಿ ಬಿಟ್ಟು, ಮೂಗಿನ ಸುತ್ತ ಕೈ ಹಿಡಿದು ನೋಡಿದಳು. ಗಾಳಿ ಎಡಗಡೆ ಮಾತ್ರ ಸೋರುತ್ತಿತ್ತು. ಎಡಗಡೆ ಅತ್ತೆಯ ಏಳು ಕಲ್ಲಿನ ಮೂಗುಬೊಟ್ಟು. ಅದರ ತಿರುಪು ಹೊಳ್ಳೆಯ ಒಳಗೆ ಚಾಚಿಕೊಂಡು, ರಬ್ಬರ್ ಮೊಗ್ಗು ಕೂರದ ಹಾಗೆ ತಡೆಯುತ್ತಿತ್ತು.

"ಅಮ್ಮಾ, ಆ ಮುಕ್ಕುಪುಡಕ ತೀಸೇಸ್ತೇ ಸರಿಪೋತುಂದಿ," ಎಂದಳು ಹುಡುಗಿ. ಮೂಗುಬೊಟ್ಟು ತೆಗೆದರೆ ಆಯಿತು, ಅಷ್ಟೇ!

ಅತ್ತೆ ಎದ್ದು ಕೂತಳು. ತೆಲುಗಿನಲ್ಲೇ ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟಳು. "ಮಾ ಆಯನ ಬ್ರತಿಕೇ ಉನ್ನಾಡು ತಲ್ಲೀ." ನಮ್ಮ ಯಜಮಾನರು ಇನ್ನೂ ಬದುಕಿದ್ದಾರೆ ತಾಯಿ.

ಹುಡುಗಿಗೆ ಅರ್ಥವಾಯಿತು. ನಮ್ಮ ಕಡೆ ಯಾರಿಗೆ ಅರ್ಥವಾಗುವುದಿಲ್ಲ? ಗಂಡ ಹೋದ ದಿನ ತೆಗೆಸುವ ವಸ್ತು ಅದು. ಮಾವ ಅಲ್ಲೇ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದರು. ಲಾಳಿ ಓಡುವುದು ನಿಂತಿತ್ತು.

ಅಲ್ಲಿಂದ ಮುಂದಿನ ಒಂದು ತಿಂಗಳು, ಮೂಗುಬೊಟ್ಟೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಅತ್ತೆ ಬದಲಾಯಿಸಿದಳು. ಮಂಚದ ದಿಕ್ಕು ಬದಲಾಯಿಸಿದಳು. ಮಗ್ಗುಲು ಬದಲಾಯಿಸಿದಳು. ತಿರುಪಿನ ಸುತ್ತ ಜೇನುಮೇಣ ಮೆತ್ತಿದಳು. ಅದು ಕರಗಿ ಬೆಳಗಾಗುವಷ್ಟರಲ್ಲಿ ಮೂಗೇ ಮುಚ್ಚಿಹೋಗಿತ್ತು. ಬಲಗಡೆಯ ಹೊಳ್ಳೆಯೊಂದಕ್ಕೇ ಗಾಳಿ ಬಿಡುವ ಅರ್ಧ ಅಳಿಯ ಸಿಗುತ್ತಾನೇನೋ ವಿಚಾರಿಸು ಎಂದು ನನಗೆ ಫೋನು ಮಾಡಿದಳು. ಮೂಗಿನ ಜೊತೆಗೆ ಬಾಯಿಯನ್ನೂ ಮುಚ್ಚುವ ದೊಡ್ಡ ಮಾಸ್ಕ್ ತರಿಸಿದೆ. ಅದನ್ನು ಹಾಕಿಕೊಂಡು ಐದೇ ನಿಮಿಷಕ್ಕೆ ಕಿತ್ತೆಸೆದಳು. ಕಾರಣ ಕೇಳಿದರೆ, "ಇದ್ರಾಗೆ ಮಾತಾಡಕ್ಕಾಗಲ್ಲ ಕಣ್ಲಾ!"

ನಗುತ್ತ ನಗುತ್ತಲೇ ತಿಂಗಳು ಕಳೆಯಿತು, ಉಸಿರು ಮಾತ್ರ ರಾತ್ರಿ ರಾತ್ರಿ ನಿಲ್ಲುತ್ತಲೇ ಇತ್ತು. ಅವಳ ಕಾಲು ಊದತೊಡಗಿತು. ಡಾಕ್ಟರು ಈ ಸಲ ಕನ್ನಡಕ ತೆಗೆದವರು ಬಹಳ ಹೊತ್ತು ಹಾಕಿಕೊಳ್ಳಲೇ ಇಲ್ಲ. ನನಗೆ ಸಿಟ್ಟು ಬಂತು. ಆ ಸಂಜೆ ಅವಳನ್ನು ಕಲ್ಯಾಣದುರ್ಗಕ್ಕೆ ಬಿಡಲು ಹೋದವನು ಮನೆಯೊಳಗೆ ಕಾಲಿಟ್ಟ ಕೂಡಲೇ ಜಗಳ ತೆಗೆದೆ.

"ಅತ್ತೆ, ರಾತ್ರಿ ಮಾತ್ರ ತೆಗೆದಿಟ್ಟು ಬೆಳಿಗ್ಗೆ ಹಾಕ್ಕೊಂಡ್ರೆ ಯಾರು ನೋಡ್ತಾರೆ?"

"ಹಗಲೊತ್ತು ಮುತ್ತೈದೆ. ರಾತ್ರೆ ಏನ್ಲಾ ನಾನು?"

"ಒಂದು ತಿರುಪಿಗೋಸ್ಕರ ಸಾಯ್ತೀಯಾ?"

ಅತ್ತೆ ಸಿಟ್ಟಾಗಲಿಲ್ಲ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆತ್ತಗೆ ಹೇಳಿದಳು. "ನಿಮ್ಮಾವಂಗೆ ಎದೆಗೆ ಸ್ಟೆಂಟ್ ಹಾಕಿದ್ರಲ್ಲ, ಆವತ್ತು ಒಳಗೆ ಕರ್ಕೊಂಡೋಗಿ ಬಾಗಿಲು ಹಾಕ್ಬುಟ್ರು. ನನ್ನ ಕೈಯಾಗೆ ಏನೂ ಇರ್ಲಿಲ್ಲ ಕಣಪ್ಪ. ದೇವ್ರ ಹೆಸ್ರೂ ಬಾಯಿಗೆ ಬರ್ಲಿಲ್ಲ. ಮೂಗುಬೊಟ್ಟು ಹಿಡ್ಕೊಂಡು ಕುಂತೆ. ಅವ್ರು ಹೊರಗೆ ಬರೋಗಂಟ ಬಿಡ್ಲಿಲ್ಲ. ಈಗ ನನ್ನ ಉಸಿರಿಗೋಸ್ಕರ ಅದನ್ನ ತೆಗೀಲಾ? ತೆಗ್ದು ಅವ್ರಿಗೇನಾದ್ರೂ ಆದ್ರೆ, ಆ ಉಸಿರು ಮಡಿಕ್ಕೊಂಡು ನಾನೇನು ಮಾಡ್ಲಿ?"

ಅವಳು ಸಾವಿಗೆ ಹೆದರುವವಳಲ್ಲವೆಂದು ನಾನು ತಿಳಿದದ್ದು ತಪ್ಪು. ಹೆದರಿದ್ದಳು, ಆದರೆ ತನ್ನದಕ್ಕಲ್ಲ.

ಮಾವ ಮಗ್ಗದ ಗುಂಡಿಯಿಂದ ಎದ್ದರು. ಕೈ ತೊಳೆದು, ಪಂಚೆಯಲ್ಲಿ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಅತ್ತೆಯ ಎದುರು ಚಾಪೆಯ ಮೇಲೆ ಕೂತರು. ಅವರು ಅಷ್ಟು ಉದ್ದದ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ನಲ್ವತ್ತು ವರ್ಸ ನನ್ನ ಪ್ರಾಣ ನಿನ್ನ ಮೂಗ್ನಾಗೆ ಮಡಿಕ್ಕೊಂಡು ಕಾದಿದೀಯ. ಹಗಲೊತ್ತು ನೀನೇ ಮಡಿಕ್ಕೊ, ನಾನು ಬ್ಯಾಡ ಅನ್ನಲ್ಲ. ರಾತ್ರೆ ಒಂದೊತ್ತು ನನ್ನ ಪ್ರಾಣ ನಾನೇ ನೋಡ್ಕೊತೀನಿ. ಇತ್ತಾಗೆ ಕೊಡು."

ಅತ್ತೆ ಮುಖ ಮೇಲೆತ್ತಿ ಕಣ್ಣು ಮುಚ್ಚಿಕೊಂಡಳು. ಮಾವ ತಿರುಪನ್ನು ಬಿಚ್ಚತೊಡಗಿದರು. ಕೂದಲೆಳೆಯಂಥ ದಾರ ತುಂಡಾದರೂ ಕಣ್ಣುಮುಚ್ಚಿ ಗಂಟು ಹಾಕುವ ಅವರ ಬೆರಳಿಗೆ ಆವತ್ತು ಅಷ್ಟಕ್ಕೇ ಬಹಳ ಹೊತ್ತು ಹಿಡಿಯಿತು. ಬಿಚ್ಚಿದ ಮೂಗುಬೊಟ್ಟನ್ನು ಸೊಂಟದ ಉಡಿದಾರಕ್ಕೆ ರೇಷ್ಮೆ ಎಳೆಯಿಂದ ಕಟ್ಟಿಕೊಂಡರು. ಎಳೆದು ನೋಡಿದರು. ಮಲಗುವ ಹೊತ್ತಿಗೆ ರಬ್ಬರ್ ಮೊಗ್ಗುಗಳನ್ನು ಅವಳ ಮೂಗಿಗಿಟ್ಟು, ಪಟ್ಟಿಯನ್ನು ಸಡಿಲವಾಗಿಯೇ ಹಾಕಿದರು. ಗಾಳಿ ಸೋರಲಿಲ್ಲ. ನಾನು ಹೊರಗೆ ಜಗಲಿಗೆ ಬಂದು ಕಣ್ಣೊರೆಸಿಕೊಂಡು, ಆ ರಾತ್ರಿ ಅಲ್ಲೇ ಮಲಗಿದೆ.

ಬೆಳಿಗ್ಗೆ ಬಿಸಿಲು ಹೊಸ್ತಿಲು ದಾಟಿದಾಗ ಅತ್ತೆಗೆ ಎಚ್ಚರವಾಯಿತು. ಮೊಗ್ಗಿನ ಪಟ್ಟಿ ಹಾಕಿದಲ್ಲೇ ಇತ್ತು. ಅದನ್ನು ಕಿತ್ತು, ಬರಿದಾದ ಮೂಗನ್ನು ಅಂಗೈಯಿಂದ ಮುಚ್ಚಿಕೊಂಡು, ಗಾಬರಿಯಿಂದ ಪಕ್ಕಕ್ಕೆ ತಿರುಗಿದಳು.

"ಏನ್ರೀ, ಇದೀರಾ?"

ಮಾವ ಅದಾಗಲೇ ಕನ್ನಡಕ ಹಾಕಿಕೊಂಡು ಉಡಿದಾರದ ಗಂಟು ಬಿಚ್ಚುತ್ತಿದ್ದರು.

"ಇದೀನಿ ಕಣೆ," ಎಂದರು. "ನೀನೂ ಇದೀಯ."