ಡಬ್ಬಿ ಕಾಳಿಗೆ ಹೊಗೆ ಕೊಟ್ಟ ಶನಿವಾರ

ನರ್ಸಮ್ಮನ ಬಿಳಿ ಕೋಟಿನ ಮೇಲೆ ಟೊಮೇಟೊ ರಸ ಚಿಮ್ಮಿದ್ದು ನನ್ನ ತಪ್ಪಲ್ಲ. ಡಬ್ಬಿಯ ಉಂಗುರ ಎಳೆದೆ. ಉಂಗುರ ಕೈಗೆ ಬಂತು, ಮುಚ್ಚಳ ಡಬ್ಬಿಗೇ ಅಂಟಿಕೊಂಡು ಕೂತಿತು. ಡಬ್ಬಿ ತೆರೆಯುವ ಸಾಧನವೊಂದು ನಮ್ಮ ಮನೆಯಲ್ಲಿದೆ, ಎಲ್ಲಿದೆ ಎಂದು ಮಾತ್ರ ಯಾರಿಗೂ ಗೊತ್ತಿಲ್ಲ. ಹಾಗಾಗಿ ಸ್ಕ್ರೂಡ್ರೈವರ್ ಇಟ್ಟು ಕುಟ್ಟಾಣಿಯಿಂದ ಒಂದೇ ಒಂದು ಏಟು ಕೊಟ್ಟೆ. ಡಬ್ಬಿ ತಿರುಗಿ ಕೊಟ್ಟಿತು! ನಾನು ಬಗ್ಗಿದೆ. ಹಿಂದೆ ನಿಂತು ಅತ್ತೆಯವರ ತೂಕ ಬರೆದುಕೊಳ್ಳುತ್ತಿದ್ದ ನರ್ಸಮ್ಮ ಬಗ್ಗಲಿಲ್ಲ. ರಸ ಕೋಟಿಗೆ, ಮೂರು ಕಾಳು ಜೇಬಿಗೆ.

ಆಕೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಕೋಟು ಒರೆಸಿಕೊಳ್ಳುತ್ತಲೇ ತೂಕದ ಮಾತೊಂದನ್ನು ಆಡಿದರು.

"ಅಮ್ಮನವರು ನಲವತ್ತು ಕಿಲೋಗೆ ಬಂದಿದ್ದಾರೆ. ಸೋಮವಾರ ಮತ್ತೆ ಬಂದು ನೋಡ್ತೀನಿ. ಹೀಗೇ ಊಟ ಬಿಟ್ಟರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ. ಮೂಗಲ್ಲಿ ನಳಿಕೆ ಹಾಕಿ ಊಟ ಕೊಡ್ತಾರೆ."

ಅತ್ತೆಗೆ ಎರಡು ವಾರ ಜ್ವರ ಬಂದಿತ್ತು. ಹೋಗುವಾಗ ಅದು ಹಸಿವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅಂದಿನಿಂದ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಗಂಜಿ ಬೇಡ, ಸೂಪು ಬೇಡ, ಮೊಟ್ಟೆ ತರಲೇಬೇಡ. ಎರಡು ಚಮಚ ಬಾಯಿಗಿಟ್ಟರೆ "ಸಾಕಮ್ಮ". ಹಾಗೆಂದು ನಾನೇನು ದಿನಕ್ಕೆ ನಾಲ್ಕು ಅಡುಗೆ ಮಾಡಬಲ್ಲವಳೇ? ಕೊರಿಯರ್ ಕಂಪನಿಯ ದೂರು ವಿಭಾಗದಲ್ಲಿ ನನ್ನ ಕೆಲಸ. ಕಳೆದುಹೋದ ಪೊಟ್ಟಣಗಳಿಗಾಗಿ ದಿನಕ್ಕೆ ಎಂಟು ಗಂಟೆ ಫೋನಿನಲ್ಲಿ ಕ್ಷಮೆ ಕೇಳುವುದು. ಮನೆಗೆ ಬರುವ ಹೊತ್ತಿಗೆ ಒಲೆಯ ಎದುರಿಗೂ "ತೊಂದರೆಗೆ ವಿಷಾದಿಸುತ್ತೇವೆ" ಎನ್ನುವಷ್ಟು ಸುಸ್ತಾಗಿರುತ್ತದೆ.

ಮನೆಯಲ್ಲಿ ಇದ್ದದ್ದು ಇಪ್ಪತ್ತನಾಲ್ಕು ಡಬ್ಬಿ ಬೀನ್ಸ್. ತರಕಾರಿಯ ಬೀನ್ಸ್ ಅಲ್ಲ. ಬೆಂದ ಬಿಳಿ ಕಾಳನ್ನು ಕೆಂಪು ರಸದಲ್ಲಿ ಮುಳುಗಿಸಿ ತಗಡಿನಲ್ಲಿ ಸೆರೆ ಹಾಕಿದ್ದು. ನಮ್ಮವರು ಕಾರ್ಖಾನೆಯ ಕ್ರೀಡಾಕೂಟದಲ್ಲಿ ನಿಂಬೆಹಣ್ಣು-ಚಮಚದ ಓಟ ಗೆದ್ದು ತಂದ ಬಹುಮಾನ. ಮೆತ್ತಗಿದೆ, ಶಕ್ತಿಯೂ ಇದೆ, ಇದನ್ನೇ ಕೊಡಿ ಎಂದು ನರ್ಸಮ್ಮನೂ ಜೇಬಿನಿಂದ ಕಾಳು ಹೆಕ್ಕುತ್ತ ಒಪ್ಪಿಗೆ ಕೊಟ್ಟರು. ನಾನು ಸೊಂಟಕ್ಕೆ ಕೈಯಿಟ್ಟು ಘೋಷಿಸಿದೆ: ಸೋಮವಾರದೊಳಗೆ ಅತ್ತೆ ಈ ಕಾಳನ್ನು ಒಂದು ಬಟ್ಟಲು ತುಂಬ ತಿನ್ನುವಂತೆ ಮಾಡದಿದ್ದರೆ ನಾನು ಸೌಟು ಹಿಡಿಯುವುದೇ ಬಿಟ್ಟೆ! ಕಾಳಿನಿಂದಲೇ ಕಾಳಜಿ, ಕಾಳಿಗಾಗಿಯೇ ಕಾಳಗ!

"ಸೌಟು ಬಿಡೋದಕ್ಕೆ ನಿಂಗೊಂದು ನೆಪ ಬೇಕಿತ್ತು" ಎಂದರು ನಮ್ಮವರು.

ಇವರು ಬಣ್ಣದ ಕಾರ್ಖಾನೆಯಲ್ಲಿ ಬಣ್ಣ ಹೊಂದಿಸುವವರು. ಗಿರಾಕಿ ತಂದ ಗೋಡೆಯ ಚೂರಿಗೆ ಸರಿಹೊಂದುವ ಬಣ್ಣ ಕಲಸುವುದು ಕೆಲಸ. ಬಿಳಿಯಲ್ಲೇ ಮೂವತ್ತು ಬಗೆ ಗುರುತಿಸುತ್ತಾರೆ; ನಾನು ಹೊಸ ಬಟ್ಟೆ ಹಾಕಿದ್ದು ಮಾತ್ರ ಕಾಣುವುದಿಲ್ಲ. ಒಮ್ಮೆಗೆ ಒಂದನ್ನೇ ಬದಲಿಸಬೇಕು, ಪ್ರತಿಯೊಂದಕ್ಕೂ ನಂಬರ್ ಚೀಟಿ ಅಂಟಿಸಬೇಕು, ಪುಸ್ತಕದಲ್ಲಿ ಬರೆಯಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ ಎಂದು ಇವರು ಉಪದೇಶ ಮಾಡಿದರು. ಅಡುಗೆಮನೆ ಲ್ಯಾಬೊರೇಟರಿ ಆಯಿತು. ನಾನು ಸಹಾಯಕಿ ಆದೆ. ಪಾತ್ರೆ ತೊಳೆಯುವ ಹುದ್ದೆಗೆ ಬೇರೆ ಯಾರೂ ಅರ್ಜಿ ಹಾಕಲಿಲ್ಲ.

ಸ್ಯಾಂಪಲ್ ಒಂದು, ಡಬ್ಬಿಯಲ್ಲಿದ್ದ ಹಾಗೇ ಬಿಸಿ ಮಾಡಿದ್ದು. ತಗಡಿನ ವಾಸನೆ ಎಂದರು ಅತ್ತೆ. ಎರಡನೆಯದನ್ನು ಜರಡಿಗೆ ಸುರಿದು, ರಸವೆಲ್ಲ ತೊಳೆದು, ಸ್ವಲ್ಪ ಉಪ್ಪು ಹಾಕಿ ಕೊಟ್ಟೆ. ಅತ್ತೆ ಒಂದು ಚಮಚ ತಿಂದು ಯೋಚಿಸಿದರು. ಈಗ ತಗಡಿನ ವಾಸನೆಯೂ ಇಲ್ಲವಲ್ಲಮ್ಮ ಎಂದು ಬೇಸರಪಟ್ಟುಕೊಂಡರು. ಇವರು ಪುಸ್ತಕದಲ್ಲಿ "ಹುರುಳಿಲ್ಲ" ಎಂದು ಬರೆದರು. ಕಾಳಿನ ಬಗ್ಗೆ ಹಾಗೆ ಬರೆಯಲು ಧೈರ್ಯ ಬೇಕು!

ಮೂರನೆಯದಕ್ಕೆ ಈರುಳ್ಳಿ ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಹುರಿದೆ. ಹುರಿಯುವಾಗ ನಿಂತಲ್ಲೇ ತೂಕಡಿಸಿದೆ. ಬಣ್ಣ ಅದ್ಭುತವಾಗಿ ಬಂದಿದೆ, ನಮ್ಮ ಕ್ಯಾಟಲಾಗಿನಲ್ಲಿ ಇದು ನೂರ ಹನ್ನೆರಡು ಎಂದು ಇವರು ಕೊಂಡಾಡಿದರು. ಅತ್ತೆ ಎರಡು ಚಮಚಕ್ಕೆ ನಿಂತರು. ನಾಲ್ಕನೆಯದಕ್ಕೆ ಸಕ್ಕರೆ, ವಿನಿಗರ್, ಕಾಳುಮೆಣಸು. ಅತ್ತೆ ತಿನ್ನುವ ಮೊದಲೇ ಏಳು ಸಲ ಸೀನಿದರು. ಆಮೇಲೆ ಕೇಳುವ ಧೈರ್ಯ ನನಗಾಗಲಿಲ್ಲ. ಪ್ರತಿ ಸ್ಯಾಂಪಲ್ಲಿನ ಉಳಿಕೆಯನ್ನು ಪರೀಕ್ಷೆಯ ಹೆಸರಿನಲ್ಲಿ ಇವರೇ ಮುಗಿಸುತ್ತಿದ್ದರು. ಮನೆಯಲ್ಲಿ ಒಬ್ಬರ ತೂಕವಂತೂ ಏರುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ತಟ್ಟೆಯಲ್ಲಿ ಬಿಟ್ಟೇಳುವುದು ಪಾಪ ಎಂದು ಹೇಳಿಕೊಟ್ಟಿದ್ದರಿಂದ, ಅಕಸ್ಮಾತ್ ಇವರೂ ಬಿಟ್ಟದ್ದು ನನ್ನ ಪಾಲು.

ಶುಕ್ರವಾರ ಸಂಜೆ ಹೊದಿಕೆ ಸರಿಮಾಡಲು ಹೋದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಆ ನಳಿಕೆ ಹಾಕೋವಾಗ ನೋವಾಗುತ್ತೇನಮ್ಮ?"

ನರ್ಸಮ್ಮ ಹೇಳಿದ್ದು ಅವರಿಗೆ ಕೇಳಿಸಿತ್ತು. ಅದರ ಅವಶ್ಯಕತೆಯೇ ಬರುವುದಿಲ್ಲ ಅತ್ತೆ ಎಂದೆ. ದೂರು ವಿಭಾಗದಲ್ಲಿ ಇಂಥ ಭರವಸೆ ದಿನಕ್ಕೆ ನೂರು ಕೊಡುತ್ತೇನೆ. ಅವತ್ತು ಕೊಟ್ಟದ್ದನ್ನು ಮಾತ್ರ ಉಳಿಸಿಕೊಳ್ಳಬೇಕಿತ್ತು. ಅಡುಗೆಮನೆಗೆ ಹೋಗಿ ಐದನೆಯ ಡಬ್ಬಿಯನ್ನು ದುರುಗುಟ್ಟಿ ನೋಡಿದೆ.

ಐದನೆಯ ಸ್ಯಾಂಪಲ್ಲಿನ ಸಲಹೆ ಬಂದದ್ದು ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯ ಹೋಲ್ಡಮ್ಮನಿಂದ. ಎಲ್ಲ ಗಿರಾಕಿಗಳನ್ನೂ ಹೋಲ್ಡ್‌ನಲ್ಲಿಟ್ಟು ಉಗುರು ಕತ್ತರಿಸಿಕೊಳ್ಳುವುದರಿಂದ ಆಕೆಗೆ ಆ ಬಿರುದು. ಕಾಳಿನ ಮಧ್ಯೆ ಪುಟ್ಟ ಬಟ್ಟಲಿಡು, ಒಂದು ಕೆಂಡ ಹಾಕು, ಮೇಲೆ ಒಂದು ತೊಟ್ಟು ಎಣ್ಣೆ ಬಿಡು, ಮುಚ್ಚಳ ಮುಚ್ಚು, ಹೊಗೆಯ ರುಚಿಗೆ ಸತ್ತವರೂ ಎದ್ದು ಕೂರುತ್ತಾರೆ ಎಂದಿದ್ದಳು.

ಶನಿವಾರ ನಾಲ್ಕು ಗಂಟೆಗೆ, ಮೂರನೆಯದರಂತೆ ಈರುಳ್ಳಿ ಹುರಿದು ಹಾಕಿದ ಕಾಳೂ ಕೆಂಡವೂ ಸಿದ್ಧವಾದವು. ಒಂದು ಕೆಂಡದಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ಇವರು ಐದು ಹಾಕಿಸಿದರು. ತೊಟ್ಟು ಎಣ್ಣೆ ಬಿಡಲು ಹೋದ ನನ್ನ ಕೈ, ವಾರದ ದಣಿವಿಗೆ ಹಿಡಿತ ತಪ್ಪಿ, ಅರ್ಧ ಸೌಟು ಬಿಟ್ಟಿತು. ನಾನು ಕಿಟಕಿಯತ್ತ ಓಡಿದೆ. ಇವರು ಅಡ್ಡ ನಿಂತರು.

"ತೆಗೀಬೇಡ. ಕೆಳಗೆ ಟೈರ್ ಅಂಗಡಿ ಇದೆ. ಆ ವಾಸನೆ ಸ್ಯಾಂಪಲ್ಲಿಗೆ ಸೇರಿದ್ರೆ ಐದನೇದು ಕೆಟ್ಟ ಹಾಗೇ."

"ರೀ, ನಂಗೆ ನೀವೇ ಕಾಣಿಸ್ತಿಲ್ಲ."

"ನಾನಿಲ್ಲೇ ಇದೀನಿ. ಎರಡೇ ನಿಮಿಷ ತಡಿ."

ಬಣ್ಣ ಒಣಗುವಾಗ ಧೂಳು ಕೂರದಿರಲೆಂದು ಇಪ್ಪತ್ತೆರಡು ವರ್ಷ ಕಿಟಕಿ ಮುಚ್ಚಿ ಅಭ್ಯಾಸವಾದ ಮನುಷ್ಯ! ಫ್ಯಾನನ್ನೂ ಆರಿಸಿಟ್ಟಿದ್ದರು. ನನಗೆ ಬೇಕಿದ್ದದ್ದು ಹೊಗಳಿಕೆ; ಬಂದದ್ದು ಬರೀ ಹೊಗೆ. ಒಂದು ನಿಮಿಷಕ್ಕೆ ಅದು ಬಾಗಿಲ ಸಂದಿಯಿಂದ ಕಾರಿಡಾರಿಗೆ ಹೋಯಿತು. ಎರಡನೆಯ ನಿಮಿಷಕ್ಕೆ ಇಡೀ ಕಟ್ಟಡದ ಅಪಾಯದ ಗಂಟೆ ಹೊಡೆದುಕೊಂಡಿತು. ಗಂಟೆ ಹೊಡೆದರೆ ಲಿಫ್ಟ್ ತಾನಾಗಿ ನಿಲ್ಲುತ್ತದೆ. ನಮ್ಮದು ಆರನೆಯ ಮಹಡಿ.

ಅತ್ತೆಯನ್ನು ಎಬ್ಬಿಸಿ, ಹೆಗಲಿಗೆ ಶಾಲು ಹೊದಿಸಿ, ತೋಳು ಹಿಡಿದು ಮೆಟ್ಟಿಲಿಗೆ ತಂದೆ. ಇವರು ಮುಂದೆ ಮುಂದೆ, ಹಿಮ್ಮುಖವಾಗಿ, ತಾಯಿ ಬಿದ್ದರೆ ಹಿಡಿಯಲು ಇಳಿಯುತ್ತಿದ್ದರು. ಆದರೆ ಹಿಡಿಯಲು ಕೈ ಖಾಲಿ ಇರಲಿಲ್ಲ. ಕೆಂಡದ ಬಟ್ಟಲನ್ನು ಸಿಂಕಿಗೆ ಎಸೆದು, ಸ್ಯಾಂಪಲ್ ಐದರ ಪಾತ್ರೆಯನ್ನು ಎದೆಗವಚಿಕೊಂಡು ಬಂದಿದ್ದರು! ಇಡೀ ಕಟ್ಟಡ ನಮ್ಮ ಹಿಂದೆ ಇಳಿಯಿತು. ಮೂರನೆಯ ಮಹಡಿಯ ದಂತವೈದ್ಯರು ಬಂದರು. ಅವರ ಹಿಂದೆ, ಬಾಯಿ ತೆರೆದುಕೊಂಡೇ, ಅವರ ರೋಗಿಯೂ ಬಂದ. ಪ್ರತಿ ತಿರುವಿನಲ್ಲಿ ಅತ್ತೆ ನಿಂತು ಉಸಿರು ತೆಗೆದುಕೊಂಡರು. ಕೂರಿಸಿ ಎತ್ತಿಕೊಂಡು ಹೋಗೋಣವೇ ಎಂದು ಯಾರೋ ಕೇಳಿದ್ದಕ್ಕೆ, ನಾನೇನು ಬೀರುವೇ ಎಂದು ಗದರಿದರು. ಮೂರು ವಾರದಲ್ಲಿ ಅವರ ಬಾಯಿಂದ ಬಂದ ಮೊದಲ ಜೋರು ಮಾತು.

ಬೀದಿಯಲ್ಲಿ ಅರುವತ್ತು ಜನ. ಅಗ್ನಿಶಾಮಕ ದಳದ ನಾಲ್ವರು ಕೊಡಲಿ ಸಮೇತ ಮೇಲೇರಿ, ಐದು ಆರಿದ ಕೆಂಡ ಹಿಡಿದು ಕೆಳಗಿಳಿದರು. ಇದರ ಮಾಲೀಕರು ಯಾರು ಎಂದು ಅವರ ಮುಖ್ಯಸ್ಥರು ಕೇಳಿದರು. ಕೈ ಎತ್ತಿದೆ. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ಇಂಥದ್ದು ಮರುಕಳಿಸದಂತೆ ನೋಡಿಕೊಳ್ಳುತ್ತೇವೆ ಎಂದು ನಾಲಿಗೆ ತಾನಾಗಿ ಶುರುಮಾಡಿ, ನಿಮ್ಮ ದೂರಿನ ಸಂಖ್ಯೆ ಹೇಳಿ ಎಂಬಲ್ಲಿಗೆ ಮುಟ್ಟಿತು. ಯಾರೂ ನಗಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಒಂದು ಸದ್ದು ಕೇಳಿಸಿತು. ಪಾತ್ರೆಯ ತಳಕ್ಕೆ ಚಮಚ ಕೆರೆಯುವ ಸದ್ದು.

ತಿರುಗಿ ನೋಡಿದೆ. ಟೈರ್ ಅಂಗಡಿಯ ಮುಂದೆ, ಮೂರು ಟೈರುಗಳ ಸಿಂಹಾಸನದ ಮೇಲೆ ಅತ್ತೆ ಕೂತಿದ್ದರು. ತೊಡೆಯ ಮೇಲೆ ಪಾತ್ರೆ, ಕೈಯಲ್ಲಿ ಇವರ ರುಚಿ ನೋಡುವ ಚಮಚ. ಪಾತ್ರೆಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಒಂದು ಬಟ್ಟಲಲ್ಲ, ಎರಡು ಬಟ್ಟಲಿನಷ್ಟು!

ಕೊಡಲಿಯವರನ್ನು ಅಲ್ಲೇ ಬಿಟ್ಟು ಓಡಿದೆ. ಕಣ್ಣಲ್ಲಿ ನೀರು, ಅದು ಹೊಗೆಯಿಂದ ಬಂದದ್ದೆಂದು ಇಟ್ಟುಕೊಳ್ಳಿ. ಇವರು ಆಗಲೇ ಪುಸ್ತಕ ತೆರೆದು, ಪೆನ್ನಿನ ಟೋಪಿ ಹಲ್ಲಲ್ಲಿ ಕಚ್ಚಿ ಕಾಯುತ್ತಿದ್ದರು. ನಾನು ಟೈರಿನ ಪಕ್ಕ ಕುಕ್ಕರಿಸಿ, ಇಡೀ ಬೀದಿಗೆ ಕೇಳಿಸಲೆಂದೇ ಕೇಳಿದೆ.

"ಹೇಳಿ ಅತ್ತೆ, ರುಚಿ ಬಂದದ್ದು ಯಾವುದರಿಂದ? ಹೊಗೆಯಿಂದಲಾ, ಈರುಳ್ಳಿಯಿಂದಲಾ?"

ಅತ್ತೆ ಶಾಲಿನ ತುದಿಯಿಂದ ಬಾಯಿ ಒರೆಸಿಕೊಂಡರು.

"ರುಚಿ ಎಲ್ಲಿ ಬಂತಮ್ಮ, ಸುಟ್ಟ ಗೋಣಿಚೀಲ ತಿಂದ ಹಾಗಿತ್ತು. ಆರು ಮಹಡಿ ಇಳಿದು ಬಂದ್ನಲ್ಲ, ಹಸಿವಾಗಿತ್ತು."