ಸಲೀಮನ ಬೆರಳು, ಶಿವಣ್ಣನ ಕೀಬೋರ್ಡು

ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬಾಗಿಲು, ಕಿಟಕಿ ಮಾಡುವ ಸಲೀಮನ ಬೆರಳುಗಳನ್ನು ಅವನ ಫೋನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಇಪ್ಪತ್ತೈದು ವರ್ಷ ಉಳಿ, ಗರಗಸ ಹಿಡಿದು ಅವು ಮರದ ತುಂಡಿನಂತೆ ಜಡ್ಡುಗಟ್ಟಿದ್ದವು. ಮೆಲ್ಲಗೆ ಮುಟ್ಟಿದರೆ ಒಂದಕ್ಷರವೂ ಬೀಳದು, ಸಿಟ್ಟಿನಿಂದ ಗುದ್ದಿದರೆ ಒಟ್ಟಿಗೆ ನಾಲ್ಕು ಬೀಳುತ್ತಿದ್ದವು. ಇಷ್ಟು ದಿನ ಅದರಿಂದ ನಷ್ಟವೇನೂ ಆಗಿರಲಿಲ್ಲ. ಫೋನಿರುವುದು ಮಾತಾಡುವುದಕ್ಕೆ, ಅದಕ್ಕೆ ಬೇಕಾದ ಗಂಟಲು ಅವನಿಗೆ ಧಾರಾಳವಾಗಿತ್ತು.

ಆ ಗಂಟಲೇ ಮನೆ ಮುರಿದದ್ದು. ಮರ ನುಣುಪು ಮಾಡುವ ಮಿಷನ್ನಿನ ಸದ್ದನ್ನು ಮೀರಿ ಕೂಗಿ ಕೂಗಿ ಅವನ ಮೆಲುದನಿ ಯಾವತ್ತೋ ಸತ್ತುಹೋಗಿತ್ತು. 'ಊಟ ಆಯ್ತಾ' ಎಂದರೂ ಜಗಳಕ್ಕೆ ಕರೆದಂತಿರುತ್ತಿತ್ತು. ಹನ್ನೊಂದು ದಿನದ ಹಿಂದೆ, ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ನೆಂಟರ ಎದುರಿಗೇ ಹೆಂಡತಿ ತಹಸೀನ್ ಮೇಲೆ ಕಿರುಚಿಬಿಟ್ಟ. ಅವಳು ಲೋಟಗಳನ್ನು ತೊಳೆದಿಟ್ಟು, ಮರುದಿನ ಬೆಳಿಗ್ಗೆ ಕೆ.ಆರ್. ನಗರದ ತವರಿಗೆ ಹೊರಟುಹೋದಳು. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ದನಿ ರೆಕಾರ್ಡ್ ಮಾಡಿ ಕಳಿಸೋಣವೆಂದು ಎರಡು ಸಲ ನೋಡಿದ. ತಾನೇ ಕೇಳಿ, ತಾನೇ ಬೆಚ್ಚಿ, ಅಳಿಸಿಬಿಟ್ಟ.

ಇವತ್ತು ಬೆಳಿಗ್ಗೆ ಭಾಮೈದ ದಾನಿಶ್ ಫೋನು ಮಾಡಿದ್ದ.

"ದುಲ್ಹಾಭಾಯ್, ಸಂಜೆ ಐದರ ಬಸ್ಸಿಗೆ ತಹಸೀನ್ ಆಪಾ ಸರಗೂರಿಗೆ ಹೊರಡ್ತಾಳೆ. ಅಲ್ಲಿ ಹೊಲಿಗೆ ಅಂಗಡೀಲಿ ಕೆಲಸ ಸಿಕ್ಕಿದೆ, ರೂಮೂ ಮಾಡಿದ್ದಾಳೆ. ಹೋದ್ರೆ ತಿರುಗಿ ಬರೋಳಲ್ಲ. ನೀವು ಒಂದು ಮಾತಾದ್ರೂ ಬರೆದು ಕಳ್ಸಿ."

ಮನೆಮಾತು ಉರ್ದುವಾದರೂ ಗಂಡಹೆಂಡಿರಿಬ್ಬರೂ ಅಕ್ಷರ ಕಲಿತದ್ದು ಕನ್ನಡ ಶಾಲೆಯಲ್ಲಿ. ಬರೆಯಬೇಕಾದದ್ದು ಕನ್ನಡದಲ್ಲೇ, ಈ ಬೆರಳುಗಳಿಂದಲೇ.

ಹಲಗೆಯ ಗೋಡೆಯಾಚೆಯ ಅಂಗಡಿಯಲ್ಲಿ ಜನರ ಸರ್ಕಾರಿ ಅರ್ಜಿಗಳನ್ನು ತುಂಬಿಕೊಡುವ ಶಿವಣ್ಣನಿಗೆ ಎಲ್ಲವೂ ಕೇಳಿಸಿತ್ತು. ಸಲೀಮನ ಫೋನಿನ ಮಾತು ಬೀದಿಗೆಲ್ಲ ಕೇಳಿಸುತ್ತಿತ್ತೆನ್ನಿ. ಮಧ್ಯಾಹ್ನ ಅವನು ಕನ್ನಡ ಅಕ್ಷರದ ಸ್ಟಿಕರ್ ಅಂಟಿಸಿದ್ದ ತನ್ನ ಪುಟ್ಟ ಕೀಬೋರ್ಡು ತಂದ.

"ತಕಳಿ ಸಲೀಮಣ್ಣ. ವೈರಿಲ್ಲ, ಏನಿಲ್ಲ. ಈ ಮೂಲೇಲಿ ಒಂದು ಒತ್ತುದ್ರೆ ನನ್ ಟ್ಯಾಬು, ಎರಡು ಒತ್ತುದ್ರೆ ನಿಮ್ ಫೋನು. ಸುತ್ತಿಗೆ ತಕಂಡು ಹೊಡುದ್ರೂ ತಡ್ಕತದೆ ಕಣಣ್ಣ."

ಫೋನನ್ನು ಗೋಡೆಗೆ ಒರಗಿಸಿ, ಕೀಬೋರ್ಡನ್ನು ಹಲಗೆಯ ಮೇಲಿಟ್ಟು, ಸಲೀಂ ತಲೆ ಬಗ್ಗಿಸಿದ. ಒಂದೊಂದು ಅಕ್ಷರವನ್ನೂ ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಹುಡುಕಿ ಒತ್ತಿದ. ಮುಕ್ಕಾಲು ಗಂಟೆಯಾದ ಮೇಲೆ ತಲೆಯೆತ್ತಿ ನೋಡಿದರೆ ಫೋನಿನಲ್ಲಿ ಒಂದು ಚುಕ್ಕೆಯೂ ಇಲ್ಲ! ಕೀಬೋರ್ಡನ್ನು ಹತ್ತಿರಕ್ಕೆಳೆದುಕೊಳ್ಳುವಾಗ ಅವನ ದಪ್ಪ ಹೆಬ್ಬೆರಳು 'ಒಂದು' ಒತ್ತಿಬಿಟ್ಟಿತ್ತು.

ಅತ್ತ ಶಿವಣ್ಣ, ವಿಧವಾ ವೇತನಕ್ಕೆ ಬಂದಿದ್ದ ವೀರಮ್ಮಜ್ಜಿಯ ಅರ್ಜಿಯನ್ನು ಟ್ಯಾಬಿನಲ್ಲಿ ತೆರೆದಿಟ್ಟು, ಸಾಲಿನಲ್ಲಿದ್ದವರಿಗೆಲ್ಲ ಜೆರಾಕ್ಸ್ ಮಾಡಿಕೊಡಲು ಎದ್ದಿದ್ದ. ವಾಪಸ್ಸು ಬಂದು, 'ಅರ್ಜಿದಾರರ ಕೋರಿಕೆ' ಎಂಬ ಜಾಗದಲ್ಲಿದ್ದುದನ್ನು ಕಾದಿದ್ದವರ ಎದುರಿಗೇ ಗಟ್ಟಿಯಾಗಿ ಓದಿದ:

"ತಹಸೀನ್ ಸಕ್ಕರೆ ಡಬ್ಬಿ ಎಲ್ಲಿಟ್ಟಿದ್ದೀಯ. ಹನ್ನೊಂದು ದಿನದಿಂದ ಸಪ್ಪೆ ಚಹಾ ಕುಡಿತಿದ್ದೀನಿ. ಆವತ್ತು ಸಕ್ಕರೆ ಸರಿಯಾಗೇ ಇತ್ತು. ನಾನೇ ಕಲಕಿರಲಿಲ್ಲ. ಬಂದುಬಿಡು."

ಅಂಗಡಿ ಘೊಳ್ಳೆಂದಿತು. ವೀರಮ್ಮ ಮಾತ್ರ ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಯಾಕ್ರಲಾ ನಗ್ತೀರಿ? ಚೆಂದಾಗೇ ಬರುದವ್ನೆ. ಅಂಗೇ ಕಳ್ಸಪ್ಪ ಅತ್ಲಾಗೆ. ನನ್ ಅರ್ಜಿಲೂ ಇರ್ಲಿ ಬುಡು, ಓದ್ದೋರ ಕರ್ಳು ಚುರುಕ್ ಅನ್ಲಿ."

ಅಜ್ಜಿಯ ಮಾತು ಯಾರಿಗೆ ಬೇಕು? ಸಾಲಾಗಿ ನಿಂತಿದ್ದವರೆಲ್ಲ ಸಲೀಮನ ಅಂಗಡಿಗೆ ನುಗ್ಗಿದರು. ಆಧಾರ್ ಜೆರಾಕ್ಸಿಗೆ ಬಂದಿದ್ದ ನಿವೃತ್ತ ಟೀಚರ್ ಗುರುಶಾಂತಮ್ಮ ಕನ್ನಡಕ ಏರಿಸಿ ಸ್ಟೂಲಿನ ಮೇಲೆ ಕೂತೇಬಿಟ್ಟರು.

"ಹೆಂಡ್ತಿಗೆ ಬರೆಯೋದ್ರಲ್ಲಿ ಸಕ್ಕರೆ ಡಬ್ಬಿ ಯಾಕಪ್ಪ ಸಲೀಂ? ಮನಸ್ಸು ಬರೀಬೇಕು, ಮನಸ್ಸು! ಶಿವಣ್ಣ, ಅದನ್ನ ಅಳಿಸು. ನಾನು ಹೇಳ್ತೀನಿ, ನೀನು ಹೊಡಿ."

"ಟೀಚರ್, ನಾನು ಹಂಗೆಲ್ಲ ಮಾತಾಡೋನಲ್ಲ..."

"ಅದಕ್ಕೇ ಈ ಗತಿ ಬಂದಿರೋದು."

ಸಾಲಿನಲ್ಲಿದ್ದ, ಹೋದ ತಿಂಗಳಷ್ಟೇ ಮದುವೆಯಾಗಿದ್ದ ಸುನೀಲ್ ಕುಮಾರ್ ಗುಲಾಬಿ ಹೂವಿನ ಚಿತ್ರಗಳನ್ನು ಹಾಕಿಸಿದ. ಒಂದು ಸಾಲಿಗೆ ಜಗಳವಾಯಿತು, ಒಂದು ಪದಕ್ಕೆ ಮತ ಹಾಕಿದರು. ಸ್ವಂತ ಅಂಗಡಿಯಲ್ಲಿ ಸಲೀಮನಿಗೆ ನಿಲ್ಲಲು ಜಾಗವಿರಲಿಲ್ಲ. ಕೊನೆಗೆ ನಾಲ್ಕೂಕಾಲಿಗೆ ಅವನ ಫೋನಿನಿಂದ ಹೊರಟದ್ದು ಇದು:

"ನನ್ನ ಬಾಳಿನ ಬೆಳಕಾದ ತಹಸೀನ್, ನಿನ್ನ ಅಗಲಿಕೆಯಿಂದ ನನ್ನ ಹೃದಯ ಬತ್ತಿದ ಸರೋವರವಾಗಿದೆ. ನನ್ನ ಅಪರಾಧವನ್ನು ಮನ್ನಿಸಿ, ಮರಳಿ ಬಂದು ಗೃಹವನ್ನು ಬೆಳಗು."

ಎರಡು ಟಿಕ್ ಬಿದ್ದು, ಕೂಡಲೇ ನೀಲಿಯಾದವು. ಎಲ್ಲರೂ ಚಪ್ಪಾಳೆ ತಟ್ಟಿ ತಂತಮ್ಮ ಕೆಲಸಕ್ಕೆ ಹೋದರು. ಸಲೀಂ ಮಿಷನ್ ಆರಿಸಿ ಕಾದ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಐದಕ್ಕೆ ಐದು ನಿಮಿಷವಿರುವಾಗ ದಾನಿಶನ ಫೋನು ಬಂತು.

"ದುಲ್ಹಾಭಾಯ್, ನಿಮ್ಮ ಫೋನನ್ನ ಯಾರೋ ಕಳ್ಳರು ಹ್ಯಾಕ್ ಮಾಡಿದ್ದಾರೆ! ಆಪಾಗೆ ಏನೇನೋ ಬರ್ದು ಕಳ್ಸಿದ್ದಾರೆ, ಹೃದಯ, ಸರೋವರ ಅಂತೆಲ್ಲ. ಇನ್ನೇನು ದುಡ್ಡು ಕೇಳ್ತಾರೆ ಅಂತ ನಿಮ್ಮ ನಂಬರನ್ನೇ ಬ್ಲಾಕ್ ಮಾಡಿಬಿಟ್ಳು. ಬೆಳಿಗ್ಗೆಯಿಂದ ಬ್ಯಾಗು ಇಟ್ಕೊಂಡು ಫೋನನ್ನೇ ನೋಡ್ತಿದ್ಲು ಪಾಪ. 'ನಮ್ಮೋರೇ ಆಗಿದ್ರೆ ಸಕ್ಕರೆ ಡಬ್ಬಿ ಎಲ್ಲಿ ಅಂತಲಾದ್ರೂ ಕೇಳಿರೋರು' ಅಂತ ಅತ್ಲು. ಬಸ್ ಸ್ಟ್ಯಾಂಡಲ್ಲಿ ಪಕ್ಕದಲ್ಲೇ ಇದ್ದಾಳೆ, ಸ್ಪೀಕರ್ ಹಾಕ್ತೀನಿ, ಮಾತಾಡಿ."

ಸಲೀಂ ಕಣ್ಣು ಮುಚ್ಚಿದ. ಮೆಲ್ಲಗೆ, ಮದುವೆಯಾದ ಹೊಸದರಲ್ಲಿ ಮಾತಾಡುತ್ತಿದ್ದಷ್ಟು ಮೆಲ್ಲಗೆ ಹೇಳಬೇಕೆಂದು ಬಾಯಿ ತೆರೆದ. ಹನ್ನೊಂದು ದಿನದ ದುಃಖವೆಲ್ಲ ಒಟ್ಟಿಗೆ ನುಗ್ಗಿಬಂತು.

"ಸಕ್ಕರೇ ಡಬ್ಬೀನೇ ಕೇಳಿದ್ದೆ ಕಣೇ ನಾನು!"

ನಿಂತ ಮಿಷನ್ನೂ ನಡುಗುವಂಥ ಆರ್ಭಟ. ಬೀದಿಯ ನಾಯಿಯೊಂದು ಎದ್ದು ಓಡಿತು. ಆ ಕಡೆ ಬಸ್ಸುಗಳ ಗದ್ದಲವಿತ್ತು. ಅದರ ನಡುವೆ ದೂರದಿಂದೆಂಬಂತೆ ತಹಸೀನಳ ದನಿ ಕೇಳಿಸಿತು.

"ಕೇಳಿಸ್ಕೊಂಡ್ಯಾ ದಾನಿಶ್? ಇವ್ರೇ ನಮ್ಮೋರು. ಇವತ್ತಿಗೂ ಸಕ್ಕರೆಗೇ ಕಿರುಚ್ತಿದ್ದಾರೆ. ನಡಿ, ಬಸ್ಸು ಹೊರಡ್ತಿದೆ."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ದಾನಿಶ್ ಎತ್ತಲಿಲ್ಲ.

ಕೀಬೋರ್ಡು ವಾಪಸ್ಸು ಕೇಳಲು ಬಂದ ಶಿವಣ್ಣ ಸಲೀಮನ ಮುಖ ನೋಡಿ ಬಾಗಿಲಲ್ಲೇ ನಿಂತ. ಸಲೀಂ 'ಎರಡು' ಒತ್ತಿ, ಒತ್ತಿದ್ದು ಎರಡೇ ಹೌದೋ ಎಂದು ಬಗ್ಗಿ ನೋಡಿ, ಒಂದೊಂದೇ ಅಕ್ಷರ ಹುಡುಕಿ ತಹಸೀನಳಿಗೆ ಬರೆದು ಕಳಿಸಿದ: ಸಕ್ಕರೆ ಡಬ್ಬಿ ಎಲ್ಲಿದೆ.

ಒಂದೇ ಟಿಕ್ ಬಿತ್ತು. ಎರಡನೆಯದು ಬೀಳುತ್ತದೇನೋ ಎಂದು ಅವನು ಬೀದಿ ದೀಪ ಹತ್ತುವವರೆಗೂ ಫೋನಿನ ಮುಂದೆ ಕೂತೇ ಇದ್ದ.