ಹೊರದೇಶದ ತಪಾಸಣೆ, ಅಜ್ಜಿಯ ಬಾವಿ

ಊರಿಗೆ ರೋಗ ಎಂದೋ ಒಮ್ಮೆ ಬರುತ್ತದೆ. ರೋಗ ಓಡಿಸಿದ್ದು ಸರಿಯಾಯಿತೇ ಎಂದು ನೋಡುವವರು ಮಾತ್ರ ಬರುತ್ತಲೇ ಇರುತ್ತಾರೆ. ಎಪ್ಪತ್ತರ ದಶಕದಲ್ಲಿ ತಿಪಟೂರು ಕಡೆ ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದ ನಾನು ಇಂಥ ತಪಾಸಣೆಗಳನ್ನು ಬೇಕಾದಷ್ಟು ಕಂಡಿದ್ದೇನೆ. ಇದೊಂದು ಮಾತ್ರ ಮರೆತುಹೋಗಲೊಲ್ಲದು.

ಬಿಳಿಗೆರೆ ಆಚೆಯ ಒಂದು ಹಟ್ಟಿಗೆ ಕಾಲರಾ ಬಂದಿತ್ತು. ಅಲ್ಲಿದ್ದ ಒಂದೇ ಬಾವಿಗೆ ಕಟ್ಟೆಯಿಲ್ಲ. ಮಳೆ ಬಂದರೆ ಕೊಚ್ಚೆಯೆಲ್ಲ ಒಳಕ್ಕೆ. ಹೊರದೇಶದಿಂದ ಔಷಧ ಬಂತು. ಅದು ಜನಕ್ಕೆ ತಲುಪಿತೇ, ರೋಗ ಮತ್ತೆ ಬರದಂತೆ ಮಾಡಿದ್ದಾರೆಯೇ ಎಂದು ನೋಡಲು, ಯಾರ ಹಂಗೂ ಇಲ್ಲದ ಪರದೇಶದ ಡಾಕ್ಟರೊಬ್ಬರು ಬರುತ್ತಾರೆಂದು ಸುದ್ದಿಯಾಯಿತು. ಕಾಲರಾಕ್ಕೆ ಮೊಮ್ಮಗನನ್ನು ಕಳೆದುಕೊಂಡಿದ್ದ ಅಜ್ಜಿಯೊಬ್ಬಳು ನನ್ನ ಕೈ ಹಿಡಿದುಕೊಂಡಳು. "ಆವಯ್ಯಂಗೆ ಬಾವಿ ಒಂದ್ ತೋರ್ಸ್‌ಬುಡಪ್ಪ. ಅವ್ರು ಬರ್ದುಕೊಟ್ರೆ ಕಟ್ಟೆ ಆಯ್ತದೆ."

ನನ್ನ ಅರ್ಜಿಗಳಿಂದ ಆಗದ ಕಟ್ಟೆ ಅದು.

೧. ಪೌಡರ್

ಎಷ್ಟೋ ದಿನದಿಂದ ಕೇಳುತ್ತಿದ್ದ ಬ್ಲೀಚಿಂಗ್ ಪೌಡರ್ ಮೂಟೆ ತಪಾಸಣೆಯ ಹಿಂದಿನ ದಿನ ಬಂತು. ನಮ್ಮ ಮೇಲಧಿಕಾರಿ ಸಾಹೇಬರು ಮುಂದೆ ನಿಂತು ರಸ್ತೆಯ ಎರಡೂ ಬದಿಗೆ ಬೆಳ್ಳಗೆ ಗೆರೆ ಎಳೆಸಿದರು. ಹಟ್ಟಿ ಮುಟ್ಟುವಷ್ಟರಲ್ಲಿ ಮೂಟೆ ಖಾಲಿ.

"ಬಾವಿಗೆ, ಸಾರ್?"

"ಬಾವಿ ಹತ್ರ ಜೀಪು ಹೋಗಲ್ಲ ಕಣ್ರೀ."

೨. ಯಾರ ಹಂಗೂ ಇಲ್ಲದ ವಿಚಾರಣೆ

ಡಾಕ್ಟರು ಒಳ್ಳೆಯ ಮನುಷ್ಯ. "ಮನೆಗಳನ್ನು ನಾನೇ ಆರಿಸುತ್ತೇನೆ, ಯಾರೂ ದಾರಿ ತೋರಿಸಬೇಡಿ" ಎಂದು ನೇರವಾಗಿ ಅಜ್ಜಿಯ ಮನೆಗೇ ಹೋದರು. ಆದರೆ ಕನ್ನಡ ಬಾರದು. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಹೇಳಲು ನಿಂತವರು ನಮ್ಮ ಸಾಹೇಬರೇ!

"ಔಷಧ ಬಂತೇ?"

"ಬಂತು ಕಣಪ್ಪ, ನನ್ ಮೊಮ್ಮಗುನ್ನ ಮಣ್ ಮಾಡಿ ಮೂರ್ ದಿನಕ್ಕೆ ಬಂತು. ಬಾವಿ ಹಂಗೇ ಐತೆ. ಇನ್ಯಾರ್ನ ತಿಂತದೋ."

"ಬಂತಂತೆ" ಎಂದರು ಸಾಹೇಬರು, ಇಂಗ್ಲಿಷಿನಲ್ಲಿ.

"ಅಷ್ಟುದ್ದ ಏನೋ ಹೇಳಿದರಲ್ಲ?"

"ನಿಮಗೆ ವಂದನೆ ಹೇಳುತ್ತಿದ್ದಾರೆ."

ಡಾಕ್ಟರು ಅಜ್ಜಿಗೆ ಕೈಮುಗಿದರು. ನಾನು ಬಾಯಿ ತೆರೆದೆ, ಸಾಹೇಬರು ನನ್ನತ್ತ ನೋಡಿದರು, ಮುಚ್ಚಿದೆ. ಆ ಮುಚ್ಚಿದ ಬಾಯಿಯನ್ನು ನಾನಿನ್ನೂ ಕ್ಷಮಿಸಿಲ್ಲ. ಅದೇ ವರ್ಷ ನನಗೆ ಪ್ರಮೋಷನ್ ಆಯಿತು.

೩. ಎಳನೀರು

ಉರಿಬಿಸಿಲು. ಡಾಕ್ಟರು ನೀರು ಬೇಕೆಂದು ಸನ್ನೆ ಮಾಡಿದರು. ಅಜ್ಜಿ ಬಾವಿಯ ನೀರನ್ನೇ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಈಗಲಾದರೂ ಬಣ್ಣ ನೋಡಿ ಕೇಳಿಯಾರು ಎಂದು ನಾನು ಕಾದೆ. ಅವರು ನೋಡಲೇ ಇಲ್ಲ. ಲೋಟ ತುಟಿಗೆ ತಾಗುವಷ್ಟರಲ್ಲಿ ಅಜ್ಜಿಯೇ ಕಿತ್ತುಕೊಂಡು ಅಂಗಳಕ್ಕೆ ಚೆಲ್ಲಿದಳು.

"ಬ್ಯಾಡ ಕಣಪ್ಪ. ನೀನೂ ಒಬ್ಬ ತಾಯಿ ಹೆತ್ತ ಮಗ."

ಮೂಲೆಯಲ್ಲಿದ್ದ ಎಳನೀರು ಕೆತ್ತಿ ಕೈಗಿಟ್ಟಳು. ಸಾಹೇಬರು ಕೂಡಲೇ, "ತೆಂಗಿನ ಸೀಮೆ ನೋಡಿ, ಅತಿಥಿಗೆ ಬರೀ ನೀರು ಕೊಡುವ ಪದ್ಧತಿ ನಮ್ಮಲ್ಲಿಲ್ಲ" ಎಂದು ವಿವರಿಸಿದರು.

ಕೆಲವು ತಿಂಗಳಿಗೆ ವರದಿ ಬಂತು. ಕರಡು ಬರೆದುಕೊಟ್ಟವರು ಸಾಹೇಬರು, ಸಹಿ ಡಾಕ್ಟರದು. "ತಪಾಸಣೆಗೆ ಬಂದವರು ದಿನವಿಡೀ ಹಟ್ಟಿಯವರು ಕೊಟ್ಟದ್ದನ್ನೇ ಕುಡಿದರು. ಯಾರಿಗೂ ಏನೂ ಆಗಲಿಲ್ಲ. ನೀರಿನ ಬಗ್ಗೆ ಆತಂಕಕ್ಕೆ ಕಾರಣವಿಲ್ಲ."

ಅಜ್ಜಿಗೆ ಓದಿ ಹೇಳಿದೆ. ನಕ್ಕಳು.

"ತಪ್ಪು ನಂದೇ ಬುಡಪ್ಪ. ಆ ಲೋಟ ಕುಡುಸ್‌ಬುಟ್ಟಿದ್ರೆ ಇಷ್ಟೊತ್ಗೆ ಕಟ್ಟೆ ಆಗೋಗಿರೋದು."